ಗ್ರಾಹಕ ಅಭಿಪ್ರಾಯ ಸಮೀಕ್ಷೆ: ಪರಿಣಾಮದ ಅಳತೆ

ಒಂದು ಸೇವೆಯನ್ನೋ ಸರಕನ್ನೋ ಬಳಸಿದವರನ್ನು ಕ್ರಮವಾಗಿ ಪ್ರಶ್ನಿಸಿ ಅವರ ಅನುಭವ, ತೃಪ್ತಿ, ದೂರು ಮತ್ತು ಅಪೇಕ್ಷೆಗಳನ್ನು ದಾಖಲಿಸುವ ವಿಧಾನವೇ ಗ್ರಾಹಕ ಅಭಿಪ್ರಾಯ ಸಮೀಕ್ಷೆ. ಬ್ಯಾಂಕು, ವಿದ್ಯುತ್ ಕಂಪನಿ, ಆಸ್ಪತ್ರೆ, ಬಸ್ಸು, ಸಹಕಾರ ಸಂಘ, ಪಟ್ಟಣ ಪಂಚಾಯಿತಿ, ಯಾತ್ರಿ ನಿವಾಸ, ಹೋಂ ಸ್ಟೇ ಎಲ್ಲವೂ ಇಂದು ಒಂದಲ್ಲ ಒಂದು ರೂಪದಲ್ಲಿ ಬಳಕೆದಾರರ ಅಭಿಪ್ರಾಯ ಕೇಳುತ್ತವೆ. ಕೇಳುವುದು ಸುಲಭವಾಗಿದೆ. ಕೇಳಿದ್ದರಿಂದ ಏನಾಯಿತು ಎಂದು ಅಳೆಯುವುದು ಮಾತ್ರ ಅಪರೂಪ. ಸಮೀಕ್ಷೆಗೆ ಸಿಕ್ಕ ಉತ್ತರ ನಂಬತಕ್ಕದ್ದೇ, ಅದನ್ನು ಆಧರಿಸಿ ಯಾರಾದರೂ ಏನಾದರೂ ಮಾಡಿದರೇ, ಮಾಡಿದ್ದರಿಂದ ಬಳಕೆದಾರನ ಬದುಕಿನಲ್ಲಿ ವ್ಯತ್ಯಾಸವಾಯಿತೇ ಎಂಬ ಮೂರು ಪ್ರಶ್ನೆಗಳಿಗೆ ಪುರಾವೆಸಹಿತ ಉತ್ತರ ಹುಡುಕುವುದನ್ನು ಸಮೀಕ್ಷೆಯ ಪರಿಣಾಮದ ಅಳತೆ ಎನ್ನಬಹುದು.

ಈ ವಿಷಯದಲ್ಲಿ ಜಗತ್ತು ಗಮನಿಸಿದ ಪ್ರಯೋಗಗಳಲ್ಲೊಂದು ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಮೂರು ಸುತ್ತು ನಡೆಸಿದ ನಾಗರಿಕ ವರದಿ ಕಾರ್ಡ್ ಅದು. ಆ ಅನುಭವವನ್ನು ಮುಂದಿಟ್ಟುಕೊಂಡು ಅಳತೆಯ ವಿಧಾನಗಳನ್ನೂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂಥ ಸಣ್ಣ ಮಲೆನಾಡು ತಾಲ್ಲೂಕುಗಳಲ್ಲಿ ಅವುಗಳ ಬಳಕೆಯನ್ನೂ ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಜನರ ಮನೋಭಾವವನ್ನು ಅಂಕಿಗೆ ಇಳಿಸುವ ಕೆಲಸಕ್ಕೆ ಗಟ್ಟಿ ತಳಹದಿ ಹಾಕಿದವನು ಅಮೆರಿಕದ ರೆನ್ಸಿಸ್ ಲೈಕರ್ಟ್. ಪೂರ್ಣ ಒಪ್ಪಿಗೆಯಿಂದ ಪೂರ್ಣ ವಿರೋಧದವರೆಗೆ ಐದು ಮೆಟ್ಟಿಲುಗಳ ಅಳತೆಗೋಲನ್ನು ಅವನು 1932ರಲ್ಲಿ ಪ್ರಕಟಿಸಿದ. ಇಂದಿನ ಬಹುಪಾಲು ತೃಪ್ತಿ ಸಮೀಕ್ಷೆಗಳು ಅದರ ಸಂತತಿ. ನಾಲ್ಕೇ ವರ್ಷಗಳ ನಂತರ, 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ, ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಆದರೂ ಅದರ ಭವಿಷ್ಯ ಪೂರ್ತಿ ಸುಳ್ಳಾಯಿತು. ದೂರವಾಣಿ, ಕಾರು ಇದ್ದವರ ಪಟ್ಟಿಯಿಂದ ಹೆಸರುಗಳನ್ನು ಆಯ್ದದ್ದು ಒಂದು ಕಾರಣ. ಉತ್ತರಿಸಿದವರಿಗೂ ಉತ್ತರಿಸದವರಿಗೂ ಅಭಿಪ್ರಾಯದಲ್ಲಿ ಅಂತರವಿದ್ದದ್ದು ಇನ್ನೊಂದು. ಉತ್ತರಗಳ ರಾಶಿ ದೊಡ್ಡದಾದ ಮಾತ್ರಕ್ಕೆ ಅದು ಸತ್ಯವನ್ನು ಹೇಳುವುದಿಲ್ಲವೆಂಬ ಪಾಠ ಅಂದು ಸಿಕ್ಕಿತು.

ಭಾರತದಲ್ಲಿ ಮಾದರಿ ಸಮೀಕ್ಷೆಗೆ ಶಿಸ್ತು ತಂದವರು ಪ್ರಶಾಂತಚಂದ್ರ ಮಹಾಲನೋಬಿಸ್. ಬಂಗಾಳದ ಸೆಣಬಿನ ಬೆಳೆಯ ಅಂದಾಜಿನ ಕಾಲದಿಂದಲೂ ಅವರು, ಒಂದೇ ಪ್ರದೇಶದ ಎರಡು ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ವಹಿಸಿ ಫಲಿತಾಂಶಗಳನ್ನು ಹೋಲಿಸುತ್ತಿದ್ದರು. ಎರಡಕ್ಕೂ ತಾಳೆಯಾಗದಿದ್ದರೆ ದೋಷ ಜನರ ಉತ್ತರದಲ್ಲಿಲ್ಲ, ಕೇಳಿದವರ ಕೆಲಸದಲ್ಲಿದೆ ಎಂದು ತಿಳಿಯುತ್ತಿತ್ತು. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆ ಈ ಪರಂಪರೆಯದು.

ವ್ಯಾಪಾರ ಜಗತ್ತಿನಲ್ಲಿ ಸೇವೆಯ ಗುಣಮಟ್ಟವನ್ನು ಅಳೆಯುವ ಸರ್ವ್‌ಕ್ವಾಲ್ ಪ್ರಶ್ನಾವಳಿಯನ್ನು ಪರಶುರಾಮನ್, ಝೈಥಾಮ್ಲ್ ಮತ್ತು ಬೆರಿ 1988ರಲ್ಲಿ ರೂಪಿಸಿದರು. ಗ್ರಾಹಕ ಏನನ್ನು ನಿರೀಕ್ಷಿಸಿದ್ದ, ಏನು ಸಿಕ್ಕಿತು ಎಂಬುದರ ನಡುವಿನ ಅಂತರವನ್ನು ಅದು 22 ಅಂಶಗಳಲ್ಲಿ ಅಳೆಯುತ್ತದೆ. ಸ್ವೀಡನ್ 1989ರಲ್ಲಿ, ಅಮೆರಿಕ 1994ರಲ್ಲಿ ರಾಷ್ಟ್ರಮಟ್ಟದ ಗ್ರಾಹಕ ತೃಪ್ತಿ ಸೂಚ್ಯಂಕಗಳನ್ನು ತಂದವು. 2003ರಲ್ಲಿ ಫ್ರೆಡ್ ರೈಖೆಲ್ಡ್ ಒಂದೇ ಪ್ರಶ್ನೆ ಸಾಕೆಂದು ವಾದಿಸಿದ: ಈ ಸಂಸ್ಥೆಯನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ ಎಂದು ಕೇಳಿ 0ಯಿಂದ 10ರವರೆಗೆ ಅಂಕ ಪಡೆಯುವುದು, 9 ಮತ್ತು 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6ರವರೆಗೆ ಕೊಟ್ಟವರ ಶೇಕಡಾವಾರನ್ನು ಕಳೆಯುವುದು. ಈ ಒಂದೇ ಅಂಕಿ ಸಂಸ್ಥೆಯ ಬೆಳವಣಿಗೆಯನ್ನು ಉಳಿದೆಲ್ಲ ಅಳತೆಗಳಿಗಿಂತ ಚೆನ್ನಾಗಿ ಮುನ್ಸೂಚಿಸುತ್ತದೆ ಎಂಬ ಮಾತನ್ನು ಟಿಮತಿ ಕೀನಿಂಗ್‌ಹ್ಯಾಮ್ ಮತ್ತು ಸಂಗಡಿಗರು 2007ರಲ್ಲಿ ಪರೀಕ್ಷಿಸಿ, ಅದಕ್ಕೆ ಆಧಾರ ಸಿಗಲಿಲ್ಲವೆಂದು ತೋರಿಸಿದರು. ಆದರೂ ಅದು ಇಂದಿಗೂ ಬಹಳ ಬಳಕೆಯಲ್ಲಿದೆ.

ಅಳತೆಯ ಹಂತಗಳು

ಸಮೀಕ್ಷೆಯ ಪರಿಣಾಮವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕಾಗುತ್ತದೆ. ಮೊದಲ ಹಂತ ಗೆಲ್ಲದೆ ಮುಂದಿನದಕ್ಕೆ ಹೋದರೆ ಅರ್ಥವಿಲ್ಲ. ಮೊದಲ ಹಂತದಲ್ಲೇ ನಿಂತರೆ ಪ್ರಯೋಜನವಿಲ್ಲ.

ಮೊದಲನೆಯದು, ಯಾರ ಮಾತು ಕೇಳಿಸಿತು ಎಂಬುದು. ಮಾದರಿಯನ್ನು ಚೀಟಿ ಎತ್ತಿದಂತೆ ನಿಷ್ಪಕ್ಷಪಾತವಾಗಿ ಆರಿಸಿದ್ದರೆ, 400 ಜನರ ಉತ್ತರದಿಂದ ಸಿಗುವ ಶೇಕಡಾವಾರಿನಲ್ಲಿ ಸುಮಾರು 5 ಅಂಕಗಳ ಹೆಚ್ಚುಕಡಿಮೆ ಇರಬಹುದು. ಇದು ಶೇ. 95ರಷ್ಟು ಭರವಸೆಯ ಲೆಕ್ಕ. ಊರು ಚಿಕ್ಕದಾದರೆ ಮಾದರಿಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗಬಹುದೆಂಬ ಎಣಿಕೆ ತಪ್ಪು. ಇದೇ ನಿಖರತೆಗೆ ಒಂದು ಲಕ್ಷ ಮನೆಗಳ ನಗರದಲ್ಲಿ 383 ಮನೆಗಳನ್ನು ಕೇಳಬೇಕು. ಒಂದು ಸಾವಿರ ಮನೆಗಳ ಪಟ್ಟಣದಲ್ಲೂ 278 ಮನೆಗಳನ್ನು ಕೇಳಲೇಬೇಕು. 200 ಸದಸ್ಯರ ಸಂಘದಲ್ಲಿ 132 ಜನ ಬೇಕು. ಸಣ್ಣ ಊರಿನ ಸಮೀಕ್ಷೆ ಅಗ್ಗದ ಕೆಲಸವಲ್ಲ.

ಉತ್ತರಿಸದವರ ಲೆಕ್ಕ ಇದಕ್ಕಿಂತ ಮುಖ್ಯ. ಒಂದು ಊಹೆಯ ಉದಾಹರಣೆ: 1,000 ಗ್ರಾಹಕರನ್ನು ಕೇಳಿದಾಗ 300 ಜನ ಉತ್ತರಿಸಿದರು, ಅವರಲ್ಲಿ 240 ಜನ ತೃಪ್ತರು. ವರದಿಯಲ್ಲಿ ತೃಪ್ತಿ ಶೇ. 80 ಎಂದು ಬರುತ್ತದೆ. ಸುಮ್ಮನಿದ್ದ 700 ಜನರಲ್ಲಿ ಶೇ. 30 ಜನರಷ್ಟೇ ತೃಪ್ತರಾಗಿದ್ದರೆ ನಿಜವಾದ ತೃಪ್ತಿ ಶೇ. 45. ಆದ್ದರಿಂದ ಉತ್ತರಿಸದವರಲ್ಲಿ ಕೆಲವರನ್ನಾದರೂ ಮತ್ತೆ ಹುಡುಕಿಕೊಂಡು ಹೋಗಿ ಕೇಳಿ, ಅವರ ಅಭಿಪ್ರಾಯ ಮೊದಲಿನವರಿಗಿಂತ ಎಷ್ಟು ದೂರವಿದೆ ಎಂದು ನೋಡುವುದು ಒಳ್ಳೆಯ ಸಮೀಕ್ಷೆಯ ಗುರುತು.

ಎರಡನೆಯದು, ಪ್ರಶ್ನೆ ತಾನು ಅಳೆಯಬೇಕಾದ್ದನ್ನು ಅಳೆಯಿತೇ ಎಂಬುದು. ಒಂದೇ ಗ್ರಾಹಕನಿಗೆ ಸ್ವಲ್ಪ ದಿನ ಬಿಟ್ಟು ಅದೇ ಪ್ರಶ್ನೆ ಕೇಳಿದಾಗ, ಸೇವೆ ಬದಲಾಗದಿದ್ದರೆ ಉತ್ತರವೂ ಹೆಚ್ಚು ಬದಲಾಗಬಾರದು. ಇದು ವಿಶ್ವಾಸಾರ್ಹತೆ. ಉತ್ತರವು ಹೊರಗಿನ ದಾಖಲೆಯೊಂದಿಗೆ ಹೊಂದಬೇಕು, ಇದು ಸಾಧುತ್ವ. ಕರೆಂಟಿನ ಬಗ್ಗೆ ಜನ ಹೇಳಿದ್ದನ್ನು ವಿದ್ಯುತ್ ಕಂಪನಿಯ ಫೀಡರ್ ದಾಖಲೆಯೊಂದಿಗೆ, ಎಷ್ಟು ಸಲ ಹೋಯಿತು, ಎಷ್ಟು ಹೊತ್ತು ಇರಲಿಲ್ಲ ಎಂಬ ಅಂಕಿಗಳೊಂದಿಗೆ, ಇಟ್ಟು ನೋಡಬಹುದು. ಎರಡೂ ಹೊಂದದಿದ್ದರೆ ಒಂದೋ ಪ್ರಶ್ನೆ ಕೆಟ್ಟಿದೆ, ಇಲ್ಲವೇ ದಾಖಲೆ ಕೆಟ್ಟಿದೆ. ಎರಡೂ ತಿಳಿಯಬೇಕಾದ ಸಂಗತಿಗಳೇ.

ಮೂರನೆಯದು, ಕ್ರಮ. ಎಷ್ಟು ಸಮಸ್ಯೆಗಳು ಗುರುತಾದವು, ಅವುಗಳಲ್ಲಿ ಎಷ್ಟಕ್ಕೆ ಹೊಣೆಗಾರರನ್ನು ನೇಮಿಸಲಾಯಿತು, ಎಷ್ಟು ದಿನದಲ್ಲಿ ಸರಿಯಾಯಿತು, ಸರಿಯಾಯಿತೆಂದು ಗ್ರಾಹಕನೇ ಒಪ್ಪಿದನೇ ಎಂಬ ನಾಲ್ಕು ಅಂಕಿಗಳನ್ನು ಇಲ್ಲಿ ಇಡಬೇಕು. ಕಚೇರಿ ತಾನಾಗಿ ಮುಕ್ತಾಯಗೊಳಿಸಿದ ದೂರು ಬೇರೆ, ಗ್ರಾಹಕ ಒಪ್ಪಿದ ಪರಿಹಾರ ಬೇರೆ. ಬಹುಪಾಲು ಸಮೀಕ್ಷೆಗಳು ಈ ಹಂತದಲ್ಲೇ ಕಾಣೆಯಾಗುತ್ತವೆ.

ನಾಲ್ಕನೆಯದು, ಫಲ. ಸೇವೆ ಸುಧಾರಿಸಿತೇ, ಸುಧಾರಿಸಿದ್ದರೆ ಅದಕ್ಕೆ ಸಮೀಕ್ಷೆ ಕಾರಣವೇ ಎಂದು ಕೇಳುವ ಹಂತವಿದು. ತಲಾ 400 ಜನರನ್ನು ಕೇಳಿದ ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸ ಸುಮಾರು 7 ಅಂಕಗಳಿಗಿಂತ ಕಡಿಮೆಯಿದ್ದರೆ ಅದು ಆಕಸ್ಮಿಕವೂ ಆಗಿರಬಹುದು. ಹೋದ ವರ್ಷ ಶೇ. 60 ಇದ್ದ ತೃಪ್ತಿ ಈ ವರ್ಷ ಶೇ. 64 ಆಯಿತೆಂದು ಹಿಗ್ಗುವುದಕ್ಕೆ ಆಧಾರವಿಲ್ಲ. ವ್ಯತ್ಯಾಸ ದೊಡ್ಡದಿದ್ದರೂ, ಸಮೀಕ್ಷೆ ನಡೆಯದ ನೆರೆಯ ಪ್ರದೇಶದಲ್ಲಿ ಏನಾಯಿತೆಂದು ನೋಡಬೇಕು. ಒಂದು ತಾಲ್ಲೂಕಿನಲ್ಲಿ ತೃಪ್ತಿ 50ರಿಂದ 65ಕ್ಕೆ ಏರಿ, ಸಮೀಕ್ಷೆಯೇ ನಡೆಯದ ಪಕ್ಕದ ತಾಲ್ಲೂಕಿನಲ್ಲಿ 50ರಿಂದ 60ಕ್ಕೆ ಏರಿದ್ದರೆ, ಸಮೀಕ್ಷೆಯ ಪಾಲಿಗೆ ಬರುವುದು ಹೆಚ್ಚೆಂದರೆ 5 ಅಂಕ. ಉಳಿದದ್ದು ಹೊಸ ತಂತಿಯಿಂದಲೋ ಒಳ್ಳೆಯ ಮಳೆಗಾಲದಿಂದಲೋ ಬಂದಿರಬಹುದು.

ಬೆಂಗಳೂರಿನ ನಾಗರಿಕ ವರದಿ ಕಾರ್ಡ್

ಅಹಮದಾಬಾದಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ 1993ರಲ್ಲಿ ಬೆಂಗಳೂರಿನ ನಾಗರಿಕರ ಸಣ್ಣ ಗುಂಪೊಂದು ನಗರದ ಸಾರ್ವಜನಿಕ ಸೇವೆಗಳ ಸಮೀಕ್ಷೆಗೆ ಕೈಹಾಕಿತು. ನೀರು, ವಿದ್ಯುತ್, ದೂರವಾಣಿ, ನಗರಪಾಲಿಕೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಆಸ್ಪತ್ರೆ, ಬ್ಯಾಂಕು, ಪ್ರಾದೇಶಿಕ ಸಾರಿಗೆ ಕಚೇರಿ ಮುಂತಾದವನ್ನು ಬಳಸಿದ ಮನೆಗಳನ್ನೇ ಆರಿಸಿ ಪ್ರಶ್ನಿಸಲಾಯಿತು. ಕೊಳೆಗೇರಿಗಳ ಮನೆಗಳನ್ನು ಪ್ರತ್ಯೇಕ ಮಾದರಿಯಾಗಿ ತೆಗೆದುಕೊಂಡದ್ದು ಇದರ ಹೆಗ್ಗಳಿಕೆ. ಒಟ್ಟು ಸರಾಸರಿಯಲ್ಲಿ ಬಡವರ ಅನುಭವ ಮುಳುಗಿಹೋಗದಂತೆ ಅದು ಕಾಪಾಡಿತು. ಕೇಳಿದ ಪ್ರಶ್ನೆಗಳೂ ನಿರ್ದಿಷ್ಟವಾಗಿದ್ದವು: ಕೆಲಸಕ್ಕಾಗಿ ಎಷ್ಟು ಸಲ ಕಚೇರಿಗೆ ಹೋಗಬೇಕಾಯಿತು, ಸಿಬ್ಬಂದಿ ಹೇಗೆ ನಡೆದುಕೊಂಡರು, ಸಮಸ್ಯೆ ಬಗೆಹರಿಯಿತೇ, ಲಂಚ ಕೊಡಬೇಕಾಯಿತೇ.

1994ರಲ್ಲಿ ಪ್ರಕಟವಾದ ಫಲಿತಾಂಶ ನಗರವನ್ನು ಬೆಚ್ಚಿಬೀಳಿಸಿತು. ಸೇವೆಗಳ ಬಗ್ಗೆ ತೃಪ್ತಿ ಹೇಳಿದವರ ಸರಾಸರಿ ಶೇ. 9 ಮಾತ್ರ. ಅಭಿವೃದ್ಧಿ ಪ್ರಾಧಿಕಾರಕ್ಕೆ ಸಿಕ್ಕದ್ದು ಶೇ. 1. ಪತ್ರಿಕೆಗಳು ಈ ಅಂಕಿಗಳನ್ನು ವಾರಗಟ್ಟಲೆ ಚರ್ಚಿಸಿದವು. ಅದೇ ವರ್ಷ ಈ ಪ್ರಯತ್ನ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆಯಾಗಿ ನೆಲೆಗೊಂಡಿತು. ಎರಡನೆಯ ಸುತ್ತು 1999ರಲ್ಲಿ ನಡೆದಾಗ ತೃಪ್ತಿ ಶೇ. 34ಕ್ಕೂ, ಮೂರನೆಯ ಸುತ್ತು 2003ರಲ್ಲಿ ನಡೆದಾಗ ಶೇ. 49ಕ್ಕೂ ಏರಿತು. 1999ರ ಸುತ್ತಿನಲ್ಲಿ ಫಲಿತಾಂಶವನ್ನು ಪ್ರಕಟಿಸುವ ಮೊದಲು ಕೆಲವು ಪ್ರಮುಖ ಸಂಸ್ಥೆಗಳ ಮುಖ್ಯಸ್ಥರ ಮುಂದಿಟ್ಟು ಚರ್ಚಿಸಲಾಯಿತು. ತಪ್ಪು ಹುಡುಕುವುದಕ್ಕಿಂತ ತಿದ್ದುವುದು ಗುರಿಯೆಂದು ತೋರಿಸಿದ ನಡೆ ಅದು.

ಈ ಏರಿಕೆಯಲ್ಲಿ ಸಮೀಕ್ಷೆಯ ಪಾಲೆಷ್ಟು? 1999ರ ಕೊನೆಯಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತು. ನಗರದ ಪ್ರಮುಖ ಸಂಸ್ಥೆಗಳು ಸಾರ್ವಜನಿಕ ಶೃಂಗಸಭೆಗಳಲ್ಲಿ ತಮ್ಮ ಗುರಿ, ಸಾಧನೆಗಳನ್ನು ಮುಖ್ಯಮಂತ್ರಿ ಮತ್ತು ನಾಗರಿಕರ ಮುಂದೆ ಒಪ್ಪಿಸತೊಡಗಿದವು. 2000ದಲ್ಲಿ ಪಾಲಿಕೆ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆಯ ಪದ್ಧತಿ ತಂದಿತು. ದೂರವಾಣಿ, ಬ್ಯಾಂಕುಗಳಲ್ಲಿ ತಂತ್ರಜ್ಞಾನ ಮತ್ತು ಪೈಪೋಟಿ ಎರಡೂ ಹೆಚ್ಚಿದವು. ಇಷ್ಟೆಲ್ಲ ಒಟ್ಟಿಗೆ ನಡೆದಾಗ ಶೇ. 9ರಿಂದ ಶೇ. 49ಕ್ಕೆ ಏರಿದ್ದು ವರದಿ ಕಾರ್ಡಿನಿಂದಲೇ ಎನ್ನಲಾಗದು.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದ ಎ. ರವೀಂದ್ರ. 2004ರಲ್ಲಿ ವಿಶ್ವ ಬ್ಯಾಂಕಿಗಾಗಿ ಅವರು ಬರೆದ ಮೌಲ್ಯಮಾಪನವು ಸಂಸ್ಥೆಗಳ ಮುಖ್ಯಸ್ಥರು, ಸರ್ಕಾರದ ಹಿರಿಯ ಅಧಿಕಾರಿಗಳು, ನಾಗರಿಕ ಸಂಘಗಳು ಮತ್ತು ಮಾಧ್ಯಮದವರ ಮಾತುಗಳನ್ನು ಆಧರಿಸಿತ್ತು. ಮೊದಲ ಸುತ್ತಿಗೆ ಸಂಸ್ಥೆಗಳ ಸ್ಪಂದನೆ ಅಲ್ಪವಾಗಿತ್ತು. ನಂತರದ ವರ್ಷಗಳಲ್ಲಿ ನಾಯಕತ್ವ, ರಾಜಕೀಯ ಬೆಂಬಲ ಮತ್ತು ನಾಗರಿಕ ಒತ್ತಡ ಒಟ್ಟಾದಾಗ ವರದಿ ಕಾರ್ಡ್ ಬಲ ಪಡೆಯಿತು. ಸಮೀಕ್ಷೆ ಸುಧಾರಣೆಗೆ ಚುರುಕು ಕೊಡಬಲ್ಲದು, ಸುಧಾರಿಸುವ ಕೈ ಬೇರೆಯೇ ಇರಬೇಕು ಎಂಬುದನ್ನು ಬೆಂಗಳೂರಿನ ಹತ್ತು ವರ್ಷಗಳು ಖಚಿತಪಡಿಸಿದವು.

ಅದೇ ಅಂಕಿಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. 1994 ಮತ್ತು 1999ರ ನಡುವೆ ತೃಪ್ತಿ ಹೆಚ್ಚಿದರೂ ಲಂಚ ಕೊಟ್ಟೆವೆಂದವರ ಪ್ರಮಾಣ ಇಳಿಯಲಿಲ್ಲ; ಇಳಿಕೆ ಕಂಡದ್ದು 2003ರ ಸುತ್ತಿನಲ್ಲಿ. ತೃಪ್ತಿ ಎಂಬ ಒಂದೇ ಅಂಕಿಯನ್ನು ನೋಡಿದವರಿಗೆ ಈ ಸಂಗತಿ ಕಾಣುತ್ತಲೇ ಇರಲಿಲ್ಲ.

ಭೂಮಿ ಮತ್ತು ಸಕಾಲ

ನಗರದಾಚೆ, ಪ್ರತಿ ತಾಲ್ಲೂಕಿನ ರೈತನನ್ನು ಮುಟ್ಟಿದ ಉದಾಹರಣೆ ಭೂಮಿ ಯೋಜನೆ. ಗ್ರಾಮಲೆಕ್ಕಿಗರ ಕೈಬರಹದ ಪಹಣಿಯನ್ನು ಗಣಕೀಕರಿಸಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಗದಿತ ಶುಲ್ಕಕ್ಕೆ ಕೊಡುವ ವ್ಯವಸ್ಥೆ ಇದು. ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಭೂಮಿ ಕಿಟಕಿಯ ಬಳಕೆದಾರರನ್ನೂ ಹಳೆಯ ಪದ್ಧತಿಯ ಬಳಕೆದಾರರನ್ನೂ ಒಟ್ಟಿಗೇ ಸಮೀಕ್ಷಿಸಿತು. ಹಳೆಯ ಪದ್ಧತಿಯಲ್ಲಿ ಲಂಚ ಕೊಡಬೇಕಾಗುತ್ತಿತ್ತೆಂದು ಶೇ. 66 ಜನ ಹೇಳಿದರೆ, ಭೂಮಿ ಕಿಟಕಿಯಲ್ಲಿ ಹಾಗೆ ಹೇಳಿದವರು ಶೇ. 3. ಇಲ್ಲಿ ಮೆಚ್ಚಬೇಕಾದದ್ದು ಹೋಲಿಕೆಯ ಗುಂಪು. ಹೊಸ ವ್ಯವಸ್ಥೆಯವರನ್ನಷ್ಟೇ ಕೇಳಿದ್ದರೆ ಶೇ. 3 ಎಂಬುದು ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ಧರಿಸುವುದೇ ಕಷ್ಟವಾಗುತ್ತಿತ್ತು.

ಸಕಾಲ ಇದಕ್ಕಿಂತ ಭಿನ್ನ ದಾರಿ ಹಿಡಿಯಿತು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ 2011ರದು. ಸೇವೆ ರಾಜ್ಯದಾದ್ಯಂತ ಆರಂಭವಾದದ್ದು 2012ರ ಏಪ್ರಿಲ್ 2ರಂದು, 11 ಇಲಾಖೆಗಳ 151 ಸೇವೆಗಳೊಂದಿಗೆ. ಅರ್ಜಿದಾರನಿಗೆ ಒಂದು ಸಂಖ್ಯೆ ಸಿಗುತ್ತದೆ. ಗೊತ್ತುಪಡಿಸಿದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶವಿದೆ. ಇಲ್ಲಿ ಅಭಿಪ್ರಾಯ ಕೇಳುವ ಬದಲು ಕಾಲವನ್ನೇ ಅಳೆಯಲಾಗುತ್ತದೆ. ಕಾಲದ ಅಳತೆಗೆ ಉತ್ತರದಾತನ ನೆನಪು, ಮುಲಾಜು ಅಡ್ಡಿಯಾಗುವುದಿಲ್ಲ. ಆದರೆ ಅರ್ಜಿಯನ್ನೇ ಪಡೆಯದೆ ವಾಪಸು ಕಳಿಸಿದರೆ, ಗಡುವಿನೊಳಗೆ ವಿನಾಕಾರಣ ತಿರಸ್ಕರಿಸಿದರೆ, ಮಧ್ಯವರ್ತಿಗೆ ಹಣ ಕೊಡಬೇಕಾಗಿ ಬಂದರೆ ಕಾಲದ ಅಂಕಿಯಲ್ಲಿ ಅದು ಮೂಡುವುದಿಲ್ಲ. ಅದನ್ನು ತಿಳಿಯಲು ಅರ್ಜಿದಾರನನ್ನೇ ಕೇಳಬೇಕು. ಆಡಳಿತದ ದಾಖಲೆ ಮತ್ತು ಜನರ ಸಮೀಕ್ಷೆ ಒಂದರ ಕುರುಡುತನವನ್ನು ಇನ್ನೊಂದು ತುಂಬುವಂಥವು. ಎರಡೂ ಬೇಕು.

ಪ್ರಯೋಗಗಳ ಪುರಾವೆ

ಜನರ ಅಭಿಪ್ರಾಯವನ್ನು ಸೇವೆ ಕೊಡುವವರ ಮುಂದಿಟ್ಟರೆ ಸೇವೆ ಸುಧಾರಿಸುತ್ತದೆಯೇ ಎಂದು ಪರೀಕ್ಷಿಸಿದ ಪ್ರಸಿದ್ಧ ಪ್ರಯೋಗ ಉಗಾಂಡದ್ದು. ಮಾರ್ಟಿನಾ ಬ್ಯೋರ್ಕ್‌ಮನ್ ಮತ್ತು ಯಾಕೋಬ್ ಸ್ವೆನ್ಸನ್ 50 ಹಳ್ಳಿ ಸಮುದಾಯಗಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಆರೋಗ್ಯ ಕೇಂದ್ರದ ವರದಿ ಕಾರ್ಡನ್ನು ಹಳ್ಳಿಗರು ಮತ್ತು ಸಿಬ್ಬಂದಿ ಒಟ್ಟಿಗೆ ಕೂತು ಚರ್ಚಿಸಿ ಕೆಲಸದ ಪಟ್ಟಿ ಮಾಡಿಕೊಂಡರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನ, ಆ ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಶೇ. 33ರಷ್ಟು ಕಡಿಮೆಯಿತ್ತೆಂದು ತೋರಿಸಿತು. ಅದೇ ಮಾದರಿಯನ್ನು ಪಿಯಾ ರಾಫ್ಲರ್, ಡೇನಿಯಲ್ ಪೋಸ್ನರ್, ಡಗ್ ಪಾರ್ಕರ್ಸನ್ 376 ಆರೋಗ್ಯ ಕೇಂದ್ರಗಳಲ್ಲಿ ಪುನಃ ನಡೆಸಿದಾಗ ಚಿಕಿತ್ಸೆಯ ಗುಣಮಟ್ಟ ಮತ್ತು ರೋಗಿಗಳ ತೃಪ್ತಿ ತುಸು ಹೆಚ್ಚಿದವು. ಮಕ್ಕಳ ಸಾವಿನಲ್ಲಿ ಇಳಿಕೆ ಕಾಣಲಿಲ್ಲ. ಒಂದು ಕಡೆ ಸಿಕ್ಕ ಫಲವನ್ನು ಎಲ್ಲೆಡೆಯೂ ನಿರೀಕ್ಷಿಸಬಾರದು. ಪ್ರತಿ ಊರಿನಲ್ಲೂ ಮತ್ತೆ ಅಳೆಯಬೇಕು.

ಕರ್ನಾಟಕದಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಹುಟ್ಟಿ ಬೆಂಗಳೂರಿಗೂ ಬಂದ ನೆಕ್ಸ್ಟ್‌ಡ್ರಾಪ್ ಎಂಬ ಸೇವೆ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಮನೆಗಳಿಗೆ ಸಂದೇಶ ಕಳಿಸುತ್ತಿತ್ತು. ಮಾಹಿತಿ ಕೊಡಬೇಕಾದವರು ವಾಲ್ವ್ ತಿರುಗಿಸುವ ಸಿಬ್ಬಂದಿ. ಬೆಂಗಳೂರಿನಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದ ತನು ಕುಮಾರ್, ಆಲಿಸನ್ ಪೋಸ್ಟ್ ಮತ್ತು ಈಶಾ ರೇ ಅವರ 2018ರ ಅಧ್ಯಯನದಲ್ಲಿ ಮನೆಗಳ ಬದುಕಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸಿಬ್ಬಂದಿ ನಿಯಮಿತವಾಗಿ ಮಾಹಿತಿ ಕಳಿಸದಿದ್ದದ್ದು, ಬಂದ ಸಂದೇಶವೂ ನೀರು ಹಿಡಿಯುವ ಹೆಂಗಸರ ಕೈಗೆ ತಲುಪದಿದ್ದದ್ದು ಕಾರಣಗಳಲ್ಲಿ ಮುಖ್ಯ. ಅಭಿಪ್ರಾಯ ಸಮೀಕ್ಷೆಗಳಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಮನೆಯ ಫೋನಿಗೆ ಕಳಿಸಿದ ಪ್ರಶ್ನೆ ಸೇವೆ ಬಳಸುವವರನ್ನು ಮುಟ್ಟಿತೆಂಬ ಖಾತ್ರಿಯಿಲ್ಲ. ತಳದಲ್ಲಿ ಕೆಲಸ ಮಾಡುವವರಿಗೆ ಕಾರಣ ಮತ್ತು ಅನುಕೂಲ ಎರಡೂ ಇಲ್ಲದೆ ಮಾಹಿತಿಯ ಸರಪಳಿ ನಿಲ್ಲುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳ ಕೇಂದ್ರಗಳೂ ಪಟ್ಟಣ ಪಂಚಾಯಿತಿಗಳು. ಅಡಿಕೆ, ಕಾಫಿ, ಭತ್ತದ ನಾಡು. ಮನೆಗಳು ಗುಂಪಾಗಿರದೆ ತೋಟಗಳ ನಡುವೆ ಚೆದುರಿವೆ. ವಿದ್ಯುತ್ ಪೂರೈಕೆ ಮೆಸ್ಕಾಂನದು. ಇಂಥಲ್ಲಿ ನಗರಕ್ಕೆಂದು ಸಿದ್ಧವಾದ ಸಮೀಕ್ಷೆ ತಂದಿಟ್ಟರೆ ದೋಷಗಳು ಸಾಲಾಗಿ ಬರುತ್ತವೆ.

ಮೊದಲ ದೋಷ ಕಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿವ ಮಳೆಯಲ್ಲಿ ಮರ ಬಿದ್ದು ತಂತಿ ಹರಿದು ಕರೆಂಟು ದಿನಗಟ್ಟಲೆ ಹೋಗುವುದುಂಟು. ವಿದ್ಯುತ್ ಸೇವೆಯ ಬಗ್ಗೆ ಮಾರ್ಚ್‌ನಲ್ಲಿ ಕೇಳಿದರೆ ಒಂದು ಉತ್ತರ, ಜುಲೈಯಲ್ಲಿ ಕೇಳಿದರೆ ಮತ್ತೊಂದು. ಹೋದ ವರ್ಷದ ಮಳೆಗಾಲದ ಅಂಕಿಯನ್ನು ಈ ವರ್ಷದ ಬೇಸಿಗೆಯ ಅಂಕಿಯೊಂದಿಗೆ ಹೋಲಿಸಿ ಸೇವೆ ಸುಧಾರಿಸಿದೆ ಎನ್ನುವುದು ಸುಳ್ಳು ಲೆಕ್ಕ. ಪ್ರತಿ ವರ್ಷ ಅದೇ ತಿಂಗಳಲ್ಲಿ, ಸಾಧ್ಯವಾದರೆ ವರ್ಷಕ್ಕೆ ಎರಡು ಸಲ ಕೇಳಬೇಕು. ಅಡಿಕೆ ಕೊಯ್ಲು, ಸುಲಿತದ ತಿಂಗಳುಗಳಲ್ಲಿ ಹಗಲಿಗೆ ಹೋದರೆ ಮನೆಯಲ್ಲಿ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಎರಡನೆಯದು ವ್ಯಾಪ್ತಿಯದು. ಮೊಬೈಲ್ ಸಿಗ್ನಲ್ ಸಿಗದ ಕಣಿವೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ಫೋನಿನಲ್ಲಷ್ಟೇ ನಡೆಸಿದ ಸಮೀಕ್ಷೆ ಪೇಟೆಯ ಮತ್ತು ರಸ್ತೆ ಬದಿಯ ಮನೆಗಳ ಮಾತನ್ನು ಇಡೀ ತಾಲ್ಲೂಕಿನ ಮಾತೆಂದು ತೋರಿಸುತ್ತದೆ. ಸೇವೆ ಅತ್ಯಂತ ಕೆಟ್ಟಿರುವುದು ತುದಿಯ ಮನೆಗಳಲ್ಲಿ. ಉತ್ತರ ಬರದಿರುವುದೂ ಅಲ್ಲಿಂದಲೇ. ಎಸ್ಟೇಟಿನ ಲೈನ್ ಮನೆಗಳ ಕೂಲಿ ಕುಟುಂಬಗಳು ಮತದಾರರ ಪಟ್ಟಿ, ವಿದ್ಯುತ್ ಖಾತೆಗಳ ಪಟ್ಟಿ ಎರಡರಿಂದಲೂ ತಪ್ಪಿಹೋಗಬಹುದು; ಮೀಟರಂತೂ ಮಾಲೀಕರ ಹೆಸರಿನಲ್ಲೇ ಇರುತ್ತದೆ. ಬೆಂಗಳೂರು ಕೊಳೆಗೇರಿಗಳಿಗೆ ಪ್ರತ್ಯೇಕ ಮಾದರಿ ಇಟ್ಟಂತೆ ಇಲ್ಲಿ ಲೈನ್ ಮನೆಗಳಿಗೂ ಕಾಡಂಚಿನ ಮನೆಗಳಿಗೂ ಪ್ರತ್ಯೇಕ ಮಾದರಿ ಬೇಕು. ಮಲಯಾಳಂ, ತುಳು, ಕೊಂಕಣಿ, ತಮಿಳು ಮನೆಮಾತಿನವರೂ ಇರುವ ಪ್ರದೇಶವಿದು. ಪ್ರಶ್ನೆ ಕೇಳುವವರಿಗೆ ಅವರೊಡನೆ ಮಾತಾಡಲು ಬರಬೇಕು.

ಮೂರನೆಯದು ಮುಲಾಜು. ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ, ನೀರುಗಂಟಿ, ಸಂಘದ ಗುಮಾಸ್ತ ಎಲ್ಲರೂ ಇಲ್ಲಿ ಪರಿಚಿತರೇ. ಅವರೇ ಪ್ರಶ್ನಾವಳಿ ಹಿಡಿದು ಬಂದರೆ, ಅಥವಾ ಉತ್ತರದ ಮೇಲೆ ಹೆಸರು ಬರೆಸಿಕೊಂಡರೆ, ನಾಳೆ ಮಳೆಯಲ್ಲಿ ಕಂಬ ಹತ್ತಬೇಕಾದವನ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ಸೇವೆ ಕೊಡುವ ಸಂಸ್ಥೆಗೆ ಸಂಬಂಧಿಸದವರು, ಹೆಸರಿಲ್ಲದೆ, ಮನೆಯಲ್ಲಿ ಕೂತು ಕೇಳಿದ ಉತ್ತರಕ್ಕೇ ಬೆಲೆ. ವ್ಯಕ್ತಿಯ ಬಗ್ಗೆ ಕೇಳದೆ ಘಟನೆಯ ಬಗ್ಗೆ ಕೇಳಿದರೆ ಸಂಕೋಚ ಕಡಿಮೆಯಾಗುತ್ತದೆ: ಸೇವೆ ತೃಪ್ತಿಕರವೇ ಎನ್ನುವ ಬದಲು, ಕಳೆದ ತಿಂಗಳಲ್ಲಿ ಎಷ್ಟು ಸಲ ಕರೆಂಟು ಹೋಯಿತು, 1912ಕ್ಕೆ ಕರೆ ಮಾಡಿದಿರಾ, ಸರಿಯಾಗಲು ಎಷ್ಟು ಹೊತ್ತಾಯಿತು ಎಂದು ಕೇಳಬೇಕು.

ಶೃಂಗೇರಿಯ ಸಂದರ್ಭ ಮತ್ತೊಂದು ಬಗೆಯದು. ಶಾರದಾಂಬೆಯ ದರ್ಶನಕ್ಕೆ ಕರ್ನಾಟಕದ ಜೊತೆಗೆ ಆಂಧ್ರ, ತೆಲಂಗಾಣ, ತಮಿಳುನಾಡುಗಳಿಂದ ಯಾತ್ರಿಗಳು ಬರುತ್ತಾರೆ. ವಸತಿಗೃಹ, ಬಸ್ಸು, ಶೌಚಾಲಯ, ವಾಹನ ನಿಲುಗಡೆಯ ಬಗ್ಗೆ ಅವರನ್ನು ಕೇಳುವುದಾದರೆ ನವರಾತ್ರಿಯ ಜಂಗುಳಿಯ ದಿನವನ್ನೂ ಸಾಮಾನ್ಯ ದಿನವನ್ನೂ ಬೇರೆ ಮಾಡಬೇಕು. ಒಂದು ದಿನಕ್ಕೆ ಬಂದುಹೋಗುವ ಯಾತ್ರಿ ಮತ್ತು ವರ್ಷವಿಡೀ ಅದೇ ಬೀದಿಯಲ್ಲಿ ಬಾಳುವ ನಿವಾಸಿ ಒಂದೇ ಪಟ್ಟಣವನ್ನು ಬೇರೆ ಬೇರೆಯಾಗಿ ಕಾಣುತ್ತಾರೆ. ಇಬ್ಬರನ್ನೂ ಒಂದೇ ಸರಾಸರಿಗೆ ಸೇರಿಸಬಾರದು. ಹೋಂ ಸ್ಟೇಗಳು ನೆಚ್ಚಿಕೊಂಡಿರುವ ಆನ್‌ಲೈನ್ ವಿಮರ್ಶೆಗಳಿಗೆ ತೀರಾ ಮೆಚ್ಚಿದವರೂ ತೀರಾ ಮುನಿದವರೂ ಹೆಚ್ಚಾಗಿ ಬರೆಯುತ್ತಾರೆ, ನಡುವಿನವರು ಬರೆಯುವುದಿಲ್ಲ. ಹಣ ಕೊಟ್ಟು ಬರೆಸಿದ ವಿಮರ್ಶೆಗಳ ಹಾವಳಿ ತಡೆಯಲು ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ಗ್ರಾಹಕ ವಿಮರ್ಶೆಗಳಿಗಾಗಿ ಐಎಸ್ 19000 ಮಾನಕವನ್ನು ತಂದಿದೆ.

ತೃಪ್ತಿಯ ಅಳತೆಗೆ ಇರುವ ಮಿತಿಯನ್ನು ಕೊಪ್ಪದ ಸಹಕಾರ ಸಾರಿಗೆಯ ಇತಿಹಾಸದಲ್ಲಿ ಕಾಣಬಹುದು. ಖಾಸಗಿ ಬಸ್ ಕಂಪನಿಯೊಂದು ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆಯದು. ಮಲೆನಾಡಿನ ಒಳಹಳ್ಳಿಗಳಿಗೆ ಬಸ್ಸು ಓಡಿಸಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟು ಜನರ ಅಕ್ಕರೆ ಗಳಿಸಿತು. ಆದರೂ ನಷ್ಟ ತಾಳಲಾರದೆ 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಪ್ರಯಾಣಿಕರ ಮೆಚ್ಚುಗೆಯನ್ನಷ್ಟೇ ಅಳೆದಿದ್ದರೆ ಈ ಅಪಾಯ ಗೋಚರಿಸುತ್ತಿರಲಿಲ್ಲ. ಗ್ರಾಹಕರ ಅಭಿಪ್ರಾಯವನ್ನು ಸಂಸ್ಥೆಯ ಖರ್ಚು, ಆದಾಯ, ಸಿಬ್ಬಂದಿಯ ಸ್ಥಿತಿಯ ಪಕ್ಕದಲ್ಲಿಟ್ಟು ಓದಿದಾಗಲೇ ಪೂರ್ಣ ಚಿತ್ರ ಸಿಗುತ್ತದೆ.

ಇಂಥ ತಾಲ್ಲೂಕುಗಳಿಗೆ ದೊಡ್ಡ ಅನುಕೂಲವೂ ಒಂದಿದೆ: ಫಲಿತಾಂಶವನ್ನು ಜನರಿಗೆ ಮುಖಾಮುಖಿ ಹಿಂತಿರುಗಿಸುವ ವೇದಿಕೆಗಳು. ಗ್ರಾಮಸಭೆ, ವಾರ್ಡ್ ಸಭೆ, ಸಹಕಾರ ಸಂಘದ ವಾರ್ಷಿಕ ಮಹಾಸಭೆ, ವಿದ್ಯುತ್ ಗ್ರಾಹಕರ ಸಭೆ ಎಲ್ಲವೂ ಈಗಾಗಲೇ ಇವೆ. ಸಮೀಕ್ಷೆಯಲ್ಲಿ ಏನು ಕಂಡಿತು, ಏನು ಮಾಡಲಾಯಿತು, ಏನನ್ನು ಯಾಕೆ ಮಾಡಲಾಗಲಿಲ್ಲ ಎಂದು ಅಲ್ಲಿ ಓದಿ ಹೇಳಿದರೆ ಹೆಚ್ಚಿನ ಖರ್ಚಿಲ್ಲದೆ ಲೆಕ್ಕ ಒಪ್ಪಿಸಿದಂತಾಗುತ್ತದೆ. ಸಭೆಯಲ್ಲಿ ಗಟ್ಟಿ ದನಿಯವರು ಮಾತ್ರ ಕೇಳಿಸುತ್ತಾರೆ. ಸಮೀಕ್ಷೆಯಲ್ಲಿ ಮೆಲುದನಿಯವರೂ ಲೆಕ್ಕಕ್ಕೆ ಬರುತ್ತಾರೆ. ಸಮೀಕ್ಷೆಯ ಫಲಿತಾಂಶವನ್ನು ಸಭೆಯ ಮುಂದಿಡುವುದರಿಂದ ಎರಡರ ಕೊರತೆಯೂ ನೀಗುತ್ತದೆ.

ಸಾಮಾನ್ಯ ದೋಷಗಳು

ಅಂಕವೇ ಗುರಿಯಾದಾಗ ಅಂಕದ ಬೆಲೆ ಹೋಗುತ್ತದೆ. ಸಿಬ್ಬಂದಿಯ ಬಡ್ತಿ, ಬಹುಮಾನಗಳು ತೃಪ್ತಿಯ ಅಂಕಕ್ಕೆ ಗಂಟುಬಿದ್ದರೆ ಪೂರ್ಣ ಅಂಕ ಕೊಡಿ ಎಂದು ಗ್ರಾಹಕನನ್ನೇ ಬೇಡುವುದು, ಮೆಚ್ಚುವವರನ್ನಷ್ಟೇ ಆರಿಸಿ ಕೇಳುವುದು ಶುರುವಾಗುತ್ತದೆ. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ಸ್ವಚ್ಛ ಸರ್ವೇಕ್ಷಣೆಯಲ್ಲೂ ನಾಗರಿಕರ ಅಭಿಪ್ರಾಯಕ್ಕೆ ಅಂಕಗಳಿವೆ. ಊರೂರಿಗೆ ಪೈಪೋಟಿಯಿರುವಾಗ ಹೆಚ್ಚು ಉತ್ತರ ಸಂಗ್ರಹಿಸುವುದೇ ಗುರಿಯಾಗದಂತೆ ಎಚ್ಚರ ಬೇಕು.

ಪದೇ ಪದೇ ಕೇಳಿ ಏನೂ ಮಾಡದಿದ್ದರೆ ಜನ ಉತ್ತರಿಸುವುದನ್ನೇ ಬಿಡುತ್ತಾರೆ. ಉದ್ದನೆಯ ಪ್ರಶ್ನಾವಳಿಯಲ್ಲಿ ಕೊನೆಯ ಪ್ರಶ್ನೆಗಳಿಗೆ ಒಂದೇ ಮನೆಗೆ ಸಾಲಾಗಿ ಗುರುತು ಹಾಕಿಬಿಡುತ್ತಾರೆ. ಎರಡು ಪ್ರಶ್ನೆಗಳನ್ನು ಒಂದರಲ್ಲೇ ತುರುಕಿದರೆ, ಉದಾಹರಣೆಗೆ ವೈದ್ಯರೂ ಔಷಧಿಯೂ ಸಿಕ್ಕಿತೇ ಎಂದು ಕೇಳಿದರೆ, ಉತ್ತರದಿಂದ ಏನೂ ತಿಳಿಯುವುದಿಲ್ಲ. ಭಾಗಶಃ ತೃಪ್ತರನ್ನು ತೃಪ್ತರ ಲೆಕ್ಕಕ್ಕೆ ಒಂದು ವರ್ಷ ಸೇರಿಸಿ ಮರುವರ್ಷ ಬಿಟ್ಟರೆ ಹೋಲಿಕೆ ಹಾಳಾಗುತ್ತದೆ. ಪ್ರಶ್ನೆ, ಅಳತೆಗೋಲು, ಲೆಕ್ಕದ ಕ್ರಮ ಸುತ್ತಿನಿಂದ ಸುತ್ತಿಗೆ ಬದಲಾಗಬಾರದು. ಉತ್ತರದಾತರ ಹೆಸರು, ಫೋನ್ ಸಂಖ್ಯೆಗಳನ್ನು ಬೇರೆ ಕೆಲಸಕ್ಕೆ ಬಳಸುವುದು ನಂಬಿಕೆದ್ರೋಹ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಇದಕ್ಕೆ ಕಾನೂನಿನ ಕಟ್ಟನ್ನೂ ಹಾಕಿದೆ.

ನಿಷ್ಕರ್ಷ

ಸಮೀಕ್ಷೆಯ ಯಶಸ್ಸನ್ನು ಉತ್ತರಗಳ ಸಂಖ್ಯೆಯಿಂದಲೋ ತೃಪ್ತಿಯ ಶೇಕಡಾವಾರಿನಿಂದಲೋ ಅಳೆಯುವ ರೂಢಿ ಬಿಡಬೇಕು. ಯಾರನ್ನು ಕೇಳಲಿಲ್ಲ ಎಂಬುದನ್ನು ಬಹಿರಂಗಪಡಿಸುವುದು, ಉತ್ತರವನ್ನು ದಾಖಲೆಯೊಂದಿಗೆ ತಾಳೆ ನೋಡುವುದು, ಕೈಗೊಂಡ ಕ್ರಮಗಳ ಪಟ್ಟಿ ಇಡುವುದು, ಅದೇ ಪ್ರಶ್ನೆಗಳೊಂದಿಗೆ ಅದೇ ಋತುವಿನಲ್ಲಿ ಮರಳಿ ಹೋಗುವುದು, ನೆರೆಯ ಪ್ರದೇಶದೊಂದಿಗೆ ಹೋಲಿಸುವುದು, ಕೊನೆಗೆ ಉತ್ತರಿಸಿದವರಿಗೇ ವರದಿ ಒಪ್ಪಿಸುವುದು ಈ ಅಳತೆಯ ಸಾರ. ಬೆಂಗಳೂರಿನ ವರದಿ ಕಾರ್ಡ್ ಗೌರವ ಗಳಿಸಿದ್ದು ಮೊದಲ ಸುತ್ತಿನ ಆಘಾತದಿಂದ ಅಲ್ಲ. ಹತ್ತು ವರ್ಷಗಳಲ್ಲಿ ಮತ್ತೆರಡು ಸಲ ಅದೇ ಪ್ರಶ್ನೆಗಳೊಂದಿಗೆ ಮರಳಿ ಬಂದದ್ದರಿಂದ.

ಗ್ರಾಹಕ ತನ್ನ ಬಿಡುವನ್ನೂ ವಿಶ್ವಾಸವನ್ನೂ ಕೊಟ್ಟು ಉತ್ತರಿಸುತ್ತಾನೆ. ಆದ್ದರಿಂದ ಯಾವುದೇ ಸಂಸ್ಥೆ, ಅದು ಮಹಾನಗರದ್ದಾಗಲಿ ಮಲೆನಾಡಿನ ಸಣ್ಣ ಸಹಕಾರ ಸಂಘವಾಗಲಿ, ಹೊಸ ಪ್ರಶ್ನಾವಳಿಯ ಮೊದಲ ಪುಟದಲ್ಲೇ ಹಿಂದಿನ ಸಮೀಕ್ಷೆಯಿಂದ ಏನು ಬದಲಾಯಿತೆಂದು ಬರೆಯಬೇಕು. ಬರೆಯಲು ಏನೂ ಇಲ್ಲದಿದ್ದರೆ, ಹೊಸ ಸಮೀಕ್ಷೆಗೆ ಹಣ ಹಾಕುವ ಮೊದಲು ಹಳೆಯ ಉತ್ತರಗಳ ಮೇಲೆ ಕೆಲಸ ಮಾಡುವುದು ಅದರ ಕರ್ತವ್ಯ.